ಕೃಶತೆ ತಪಸ್ಸಿಗೆ ಸಾಕ್ಷಿಯಾಗಬಲ್ಲುದೆ?

ದಶಲಕ್ಷಣ ಪರ್ವವು ಮುಗಿದು, ಹತ್ತು ದಿನಗಳ ಉಪವಾಸವನ್ನು ಪೂರೈಸಿದ ವ್ರತಿಯ ಪಾರಣೆಗೆಂದು ಬಂಧುಗಳು ನೆರೆದಾಗ, ಅವರ ಬಾಯಿಂದ ಮೊದಲು ಹೊರಡುವ ಮಾತು ಬಹುಮಟ್ಟಿಗೆ ಒಂದೇ: "ಎಷ್ಟು ಸೊರಗಿಹೋಗಿದ್ದೀರಿ!" ಕೇಳಲು ಇದು ಕನಿಕರದ ನುಡಿ, ಆದರೆ ಆಡಿದವರ ಮುಖವನ್ನು ನೋಡಿದರೆ ಅದು ಪ್ರಶಂಸೆಯೆಂಬುದು ತಿಳಿಯುತ್ತದೆ. ಅದೇ ಪಂಕ್ತಿಯಲ್ಲಿ ಕುಳಿತ ಸ್ಥೂಲಕಾಯರಾದ ಶ್ರಾವಕರೊಬ್ಬರು ತಾವೂ ಹತ್ತು ದಿನ ಏಕಭುಕ್ತದಲ್ಲಿದ್ದುದಾಗಿ ಹೇಳಿದರೆ, ಕೇಳಿದವರು ಹೌದೆಂದು ತಲೆಯಾಡಿಸಿ ಒಳಗೊಳಗೇ ನಗುತ್ತಾರೆ.

ಈ ಎರಡು ವರ್ತನೆಗಳ ಹಿಂದೆಯೂ ಒಂದು ಅನುಮಾನವಿದೆ. ತರ್ಕಶಾಸ್ತ್ರದ ಅರ್ಥದಲ್ಲಿಯೇ ಅದು ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಕೃಶವಾದ ಮೈಯನ್ನು ಕಂಡು ಸಂಯಮವನ್ನೂ, ಬೊಜ್ಜನ್ನು ಕಂಡು ಜಿಹ್ವಾಲೌಲ್ಯವನ್ನೂ ಲೋಕವು ಊಹಿಸುತ್ತದೆ. ಶಾಸ್ತ್ರಕಾರರು ಸಲ್ಲೇಖನೆಯ ವಿಷಯದಲ್ಲಿ ಕಾಯ, ಕಷಾಯ ಎರಡೂ ಕ್ಷೀಣಿಸಬೇಕೆಂದರು. ಲೋಕವಾದರೋ ಕಾಯವು ಕ್ಷೀಣಿಸಿದರೆ ಕಷಾಯವೂ ಕ್ಷೀಣಿಸಿತೆಂದೇ ಅದನ್ನು ಓದಿಕೊಂಡಿತು. ಕಣ್ಣಿಗೆ ಕಾಣುವುದು ಕಾಯ ಮಾತ್ರವಾದುದರಿಂದ ಈ ತಪ್ಪು ಸಹಜವಾದುದೇ. ಆದರೆ ಈ ಹೇತುವಿಗೂ ಸಾಧ್ಯಕ್ಕೂ ನಡುವೆ ವ್ಯಾಪ್ತಿಯಿದೆಯೆ? ಇದು ಕೇವಲ ಪಂಡಿತರ ಜಿಜ್ಞಾಸೆಯಲ್ಲ. ಸೊರಗಿದವರಿಗೆ ಸಲ್ಲುವ ಪ್ರಶಂಸೆಯನ್ನು ನೋಡುತ್ತ ಬೆಳೆಯುವ ಹೆಣ್ಣುಮಕ್ಕಳು ಪ್ರತಿ ಮನೆಯಲ್ಲಿಯೂ ಇದ್ದಾರೆ.

ಈ ಪ್ರಶ್ನೆಗೆ ಅನಿರೀಕ್ಷಿತವಾದ ದಿಕ್ಕಿನಿಂದ ಬೆಳಕು ಬಿದ್ದಿದೆ. 2015ರ ಆಗಸ್ಟ್ ತಿಂಗಳಿನಲ್ಲಿ ಉತ್ತರ ಫ್ರಾನ್ಸಿನ ಲಿಲ್ ನಗರದಲ್ಲಿ ವಿಜ್ಞಾನಿಗಳ ಒಂದು ಗೋಷ್ಠಿ ಸೇರಿತು. ಮೂಳೆಯ ಒಳಗಿರುವ ಮಜ್ಜೆಯಲ್ಲಿ ಸಂಚಯವಾಗುವ ಕೊಬ್ಬು ಒಂದೇ ಅದರ ವಿಷಯ. ಮರುವರ್ಷ ರಾಟರ್‌ಡ್ಯಾಮ್‌ನಲ್ಲಿ, 2017ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಇದೇ ಗೋಷ್ಠಿ ಮತ್ತೆ ಕೂಡಿತು. ಬೊಜ್ಜನ್ನು ಕುರಿತು ಸಂಶೋಧಿಸುವವರು ಒಂದು ಕಡೆ, ಮೂಳೆಯ ಸವಕಳಿಯನ್ನು ಕುರಿತು ಸಂಶೋಧಿಸುವವರು ಇನ್ನೊಂದು ಕಡೆ ಬಹುಕಾಲ ತಮ್ಮತಮ್ಮ ಪಾಡಿಗೆ ಇದ್ದವರು. ಒಬ್ಬರ ವಿಷಯವು ಮತ್ತೊಬ್ಬರ ವಿಷಯದ ಒಳಗೇ ಅಡಗಿದೆಯೆಂಬ ಅರಿವು ಅವರನ್ನು ಒಂದೆಡೆಗೆ ತಂದಿತು.

ಮೂಳೆಯೆಂದರೆ ಒಣಗಿದ ಕಂಬವಲ್ಲ. ಅದು ಜೀವಂತ ಧಾತು. ಅದರಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವ ಜೀವಕೋಶಗಳಿವೆ. ಪ್ರೌಢನ ಅಸ್ಥಿಪಂಜರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ವರ್ಷವೊಂದಕ್ಕೆ ಹೀಗೆ ನವೀಕರಣಗೊಳ್ಳುತ್ತದೆ. ಮೂಳೆಯನ್ನು ಕಟ್ಟುವ ಕೋಶವೂ ಮಜ್ಜೆಯ ಕೊಬ್ಬಿನ ಕೋಶವೂ ಒಂದೇ ಮೂಲಕೋಶದಿಂದ ಹುಟ್ಟುತ್ತವೆಂಬುದು ಇಲ್ಲಿ ಮುಖ್ಯ. ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬನ ಪಾಲು ಹೆಚ್ಚಿದಾಗ ಅನೇಕ ವೇಳೆ ಇನ್ನೊಬ್ಬನ ಪಾಲು ತಗ್ಗುತ್ತದೆ. ಹುಟ್ಟಿದ ಶಿಶುವಿನ ಮಜ್ಜೆ ಕೆಂಪಾಗಿರುತ್ತದೆ. ವಯಸ್ಸಾದಂತೆ ಅದರಲ್ಲಿ ಹಳದಿಯ ಮೇದಸ್ಸು ತುಂಬುತ್ತ, ಪ್ರೌಢರಲ್ಲಿ ಮಜ್ಜೆಯ ಅರ್ಧಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಮೇದಸ್ಸಿನಿಂದ ಅಸ್ಥಿ, ಅಸ್ಥಿಯಿಂದ ಮಜ್ಜೆ ಎಂದು ಸಪ್ತಧಾತುಗಳ ಸರಣಿಯನ್ನು ಹೇಳಿದ ವೈದ್ಯರು ಈ ಮೂರನ್ನೂ ನೆರೆಹೊರೆಯಲ್ಲಿ ಇಟ್ಟಿದ್ದರು. ಅಷ್ಟರಿಂದಲೇ ಆಧುನಿಕ ಶಾಸ್ತ್ರವೆಲ್ಲ ಅವರಿಗೆ ತಿಳಿದಿತ್ತೆಂದು ಹೆಮ್ಮೆಪಡುವುದು ಸಲ್ಲದು.

ಉಣ್ಣದಿದ್ದರೆ ಕೊಬ್ಬು ಕರಗುತ್ತದೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಹೊಟ್ಟೆಯ ಕೊಬ್ಬು, ಚರ್ಮದಡಿಯ ಕೊಬ್ಬು ಕರಗುವುದು ನಿಜವೂ ಹೌದು. ಆದರೆ ಮಜ್ಜೆಯ ಕೊಬ್ಬು ಈ ನಿಯಮಕ್ಕೆ ಒಳಪಡಲಿಲ್ಲ. ತೆಳ್ಳಗಾಗಬೇಕೆಂಬ ಭ್ರಮೆಯಿಂದ ಅನ್ನವನ್ನು ತೊರೆಯುವ ಒಂದು ಮನೋರೋಗವಿದೆ. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಅದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟನು. ಈ ರೋಗಕ್ಕೆ ತುತ್ತಾದ ಹೆಂಗಸರ ಮೈಯಲ್ಲಿ ಕೊಬ್ಬೆಂಬುದು ಕಾಣದಿದ್ದರೂ ಅವರ ಮೂಳೆಗಳ ಮಜ್ಜೆಯಲ್ಲಿ ಕೊಬ್ಬು ಆರೋಗ್ಯವಂತರಿಗಿಂತ ಹೆಚ್ಚಾಗಿರುವುದನ್ನು, ಮೂಳೆಯ ಸಾಂದ್ರತೆ ಕುಗ್ಗಿರುವುದನ್ನು 2009ರಲ್ಲಿ ಬಾಸ್ಟನ್ ನಗರದ ಸಂಶೋಧಕರು ಪ್ರಕಟಿಸಿದರು. ಹೊರಗೆ ಎಲುಬಿನ ಹಂದರ. ಆ ಎಲುಬಿನ ಒಳಗೆ ಗುಪ್ತವಾದ ಸಂಗ್ರಹ! ಹಸಿವು ಇನ್ನೂ ವಿಪರೀತಕ್ಕೆ ಹೋದಾಗ ಈ ಸಂಗ್ರಹವೂ ಕರಗಿ ಮಜ್ಜೆಯು ಲೋಳೆಯಂತಾಗುತ್ತದೆ. ಅದು ಪ್ರಾಣಾಂತಿಕ ಸ್ಥಿತಿಯ ಮಾತು.

ಅದೇ ನಗರದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ಜೈನ ವಾಚಕರಿಗೆ ಇನ್ನೂ ಹತ್ತಿರದ್ದು. ಆರೋಗ್ಯವಂತರಾದ ಕೆಲವರು ಸ್ವಯಿಚ್ಛೆಯಿಂದ ಮುಂದೆ ಬಂದು ಮೊದಲು ಹತ್ತು ದಿನ ಅತಿಯಾಗಿ ಉಂಡರು. ಕೆಲವು ದಿನಗಳ ಬಿಡುವಿನ ಅನಂತರ ಹತ್ತು ದಿನ ಆಹಾರವನ್ನು ಬಿಟ್ಟರು. ದಶಲಕ್ಷಣಕ್ಕೂ ಅಷ್ಟೇ ದಿನಗಳೆಂಬುದು ಕಾಕತಾಳೀಯ. ಅವರ ಬೆನ್ನುಮೂಳೆಯ ಮಜ್ಜೆಯನ್ನು ಕಾಂತೀಯ ಅನುರಣನದ ಯಂತ್ರದಿಂದ ಅಳೆದಾಗ, ಅತಿಭೋಜನದ ಅನಂತರವೂ ಕೊಬ್ಬು ಹೆಚ್ಚಿತ್ತು, ಉಪವಾಸದ ಅನಂತರವೂ ಕೊಬ್ಬು ಹೆಚ್ಚಿತ್ತು. ಭೋಗಿಗೂ ತ್ಯಾಗಿಗೂ ಮಜ್ಜೆಯಲ್ಲಿ ಒಂದೇ ಲೆಕ್ಕ ಬರೆಯಲ್ಪಟ್ಟಿತು.

ಈ ಕೊಬ್ಬು ಸುಮ್ಮನೆ ಕುಳಿತಿರುವ ದಾಸ್ತಾನೂ ಅಲ್ಲ. ಆಹಾರವು ಕಡಿಮೆಯಾದಾಗ ರಕ್ತದಲ್ಲಿ ಹೆಚ್ಚುವ ಅಡಿಪೊನೆಕ್ಟಿನ್ ಎಂಬ ಸ್ರಾವಕ್ಕೆ ಮಜ್ಜೆಯ ಮೇದಸ್ಸೂ ಒಂದು ಮೂಲವೆಂದು 2014ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಕ್ಷಾಮವನ್ನು ಎದುರಿಸಲು ಶರೀರವು ತನ್ನದೇ ಆದ ರೀತಿಯಲ್ಲಿ ಸನ್ನಾಹ ಮಾಡಿಕೊಳ್ಳುತ್ತದೆಯೆಂದಾಯಿತು. ಅದಕ್ಕೆ ಕ್ಷಾಮವಾವುದು, ವ್ರತವಾವುದು ಎಂಬ ಭೇದ ತಿಳಿಯದು. ಮನೆಯಲ್ಲಿ ಅಕ್ಕಿಯಿಲ್ಲದೆ ಮಲಗಿದ ಬಡವನ ಮೂಳೆಯೂ, ಪ್ರತ್ಯಾಖ್ಯಾನವನ್ನು ಸ್ವೀಕರಿಸಿ ಜಿನಾಲಯದಲ್ಲಿ ಕುಳಿತ ಶ್ರಾವಕನ ಮೂಳೆಯೂ, ಕನ್ನಡಿಯ ಮುಂದೆ ನಿಂತು ಅನ್ನವನ್ನು ದೂಡಿದ ತರುಣಿಯ ಮೂಳೆಯೂ ಅನ್ನದ ಅಭಾವವನ್ನು ಮಾತ್ರ ಬಲ್ಲವು. ಸಂಕಲ್ಪವು ಆತ್ಮನ ಪರಿಣಾಮ; ಪುದ್ಗಲವು ಅದನ್ನು ಓದಲಾರದು. ಭೇದವಿಜ್ಞಾನವನ್ನು ಬಾಯಲ್ಲಿ ಹೇಳುವವರು ಈ ಒಂದು ಎಡೆಯಲ್ಲಿ ಅದನ್ನು ಮರೆತು, ಆತ್ಮನ ಪರಿಣಾಮವನ್ನು ಪುದ್ಗಲದ ತೂಕದಿಂದ ಅಳೆಯಲು ಹೊರಡುವುದು ವಿಚಿತ್ರವೇ ಸರಿ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ರೋಗಿಯ ಹಸಿವು, ಪ್ರಯೋಗಶಾಲೆಯ ಹಸಿವು ಬೇರೆ. ಧರ್ಮಬುದ್ಧಿಯಿಂದ ಹಸಿದವನ ಮನಸ್ಸು ಹಸಿವಿನಿಂದಲೇ ನಿರ್ಮಲವಾಗುತ್ತದೆ ಎಂದು. ಈ ಮಾತನ್ನು ಪರೀಕ್ಷಿಸಲು ಒಂದು ಅಪೂರ್ವ ದೃಷ್ಟಾಂತವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ 36 ಮಂದಿ ತರುಣರು, ಕೊಲ್ಲುವುದು ತಮ್ಮ ಅಂತಃಕರಣಕ್ಕೆ ಒಪ್ಪದೆಂದು ಆಯುಧವನ್ನು ನಿರಾಕರಿಸಿದವರು, ಬೇರೊಂದು ಸೇವೆಗೆ ತಮ್ಮ ಮೈಯನ್ನು ಒಪ್ಪಿಸಿದರು. ಯುದ್ಧದಿಂದ ಹಸಿದು ಬಳಲಿದ ಜನರನ್ನು ಮುಂದೆ ಹೇಗೆ ಉಣಿಸಿ ಬದುಕಿಸಬೇಕೆಂಬುದನ್ನು ತಿಳಿಯಲು ತಾವೇ ಹಸಿಯುವುದು ಆ ಸೇವೆ. ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞನ ನೇತೃತ್ವದಲ್ಲಿ 1944ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಅಡಿಯಲ್ಲಿದ್ದ ಕೊಠಡಿಗಳಲ್ಲಿ ಈ ಪರೀಕ್ಷೆ ಆರಂಭವಾಯಿತು. ಮೂರು ತಿಂಗಳು ಸಮಭೋಜನ. ಅನಂತರ 24 ವಾರಗಳ ಕಾಲ ಅದರ ಅರ್ಧದಷ್ಟು, ದಿನಕ್ಕೆ ಎರಡು ಊಟ, ಬಹುಪಾಲು ಆಲೂಗಡ್ಡೆ, ಗೆಡ್ಡೆಗೆಣಸು, ರೊಟ್ಟಿ. ಹೊರನೋಟಕ್ಕೆ ಇದು ಅವಮೋದರ್ಯವೇ. ಪ್ರೇರಣೆಯೋ, ಅಹಿಂಸೆ ಮತ್ತು ಪರೋಪಕಾರ. ಯಾವ ಶ್ರಾವಕನೂ ಆಕ್ಷೇಪಿಸಲಾರದಂಥದು.

ಅವರ ತೂಕವು ಸುಮಾರು ನಾಲ್ಕರಲ್ಲಿ ಒಂದು ಪಾಲು ಇಳಿಯಿತು. ನಾಡಿ ನಿಧಾನವಾಯಿತು, ಬೇಸಗೆಯಲ್ಲಿಯೂ ಚಳಿಯೆನ್ನುತ್ತಿದ್ದರು. ಮನಸ್ಸು ಅನ್ನವನ್ನು ಬಿಟ್ಟು ಮೇಲೇಳಲಿಲ್ಲ, ಅನ್ನದಲ್ಲಿಯೇ ಹೂತುಹೋಯಿತು. ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಧರ್ಮಗ್ರಂಥದಂತೆ ಓದಿದರು. ತಟ್ಟೆಯನ್ನು ನೆಕ್ಕಿದರು. ಒಂದು ಊಟವನ್ನು ಎರಡು ಗಂಟೆಗಳ ಕಾಲ ಎಳೆದರು. ಗೆಳೆತನ, ಹಾಸ್ಯ, ವಿದ್ಯಾಭ್ಯಾಸದ ಆಸೆ ಎಲ್ಲವೂ ಕುಗ್ಗಿತು. ಮತ್ತೆ ಆಹಾರ ಕೊಡಲಾರಂಭಿಸಿದ ಮೇಲೆ ಒಬ್ಬನು ಕೊಡಲಿಯಿಂದ ತನ್ನ ಕೈಬೆರಳುಗಳನ್ನು ಕಡಿದುಕೊಂಡನು. ಬೇಕೆಂದೇ ಮಾಡಿದ್ದೋ ಕೈತಪ್ಪಿ ಆದದ್ದೋ ಅವನೇ ಹೇಳದಾದನು. ಹಿಂದಿರುಗಿದ ತೂಕದಲ್ಲಿ ಕೊಬ್ಬು ಮೊದಲಿದ್ದುದನ್ನೂ ಮೀರಿತು. 1950ರಲ್ಲಿ ಈ ವಿವರಗಳು ಎರಡು ಬೃಹತ್ ಸಂಪುಟಗಳಾಗಿ ಹೊರಬಂದವು. ಆ ತರುಣರು ದುರ್ಬಲಚಿತ್ತರಾಗಿರಲಿಲ್ಲ. ಯುದ್ಧೋನ್ಮಾದದಲ್ಲಿದ್ದ ಇಡೀ ದೇಶಕ್ಕೆ ಎದುರಾಗಿ ನಿಂತ ಧೀರರು. ಆದರೂ ಹಸಿವು ತಾನಾಗಿಯೇ ಅವರನ್ನು ವೀತರಾಗರನ್ನಾಗಿಸಲಿಲ್ಲ. ಬಾಹ್ಯತಪದ ಪಕ್ಕದಲ್ಲಿಯೇ ಸ್ವಾಧ್ಯಾಯ, ಧ್ಯಾನ, ಪ್ರಾಯಶ್ಚಿತ್ತಾದಿ ಅಂತರಂಗ ತಪಗಳನ್ನು ಆಚಾರ್ಯರು ಏಕೆ ಇಟ್ಟರೆಂಬುದು ಈ 24 ವಾರಗಳ ಕಥೆಯನ್ನು ಓದಿದವರಿಗೆ ಬೇರೆ ವಿವರಣೆಯಿಲ್ಲದೆ ಹೊಳೆಯುತ್ತದೆ.

ಇನ್ನು ನಾಣ್ಯದ ಮತ್ತೊಂದು ಮುಖ. ಬೊಜ್ಜು ಲೋಭಕ್ಕೆ ಸಾಕ್ಷಿಯೆ? 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವನ ಸಹೋದ್ಯೋಗಿಗಳು, ಕೊಬ್ಬಿನ ಕೋಶಗಳಿಂದ ಹೊರಟು ಸಂಗ್ರಹ ಸಾಕಷ್ಟಿದೆಯೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಒಂದು ಸ್ರಾವದ ವಂಶವಾಹಿಯನ್ನು ಪತ್ತೆ ಮಾಡಿದರು. ಗ್ರೀಕ್ ಭಾಷೆಯ ತೆಳು ಎಂಬ ಅರ್ಥದ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಮೂರು ವರ್ಷಗಳ ಅನಂತರ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು, ಹುಟ್ಟಿನಿಂದಲೇ ಈ ಸ್ರಾವವಿಲ್ಲದ ಇಬ್ಬರು ಮಕ್ಕಳನ್ನು ಗುರುತಿಸಿದರು. ಅವರಲ್ಲಿ ಒಬ್ಬ ಬಾಲಕಿ ಒಂಬತ್ತನೆಯ ವಯಸ್ಸಿನಲ್ಲಿ ಸುಮಾರು 94 ಕಿಲೋಗ್ರಾಂ ತೂಗುತ್ತಿದ್ದಳು. ಎಷ್ಟು ಉಂಡರೂ ಅವಳ ಹಸಿವು ಅಡಗುತ್ತಿರಲಿಲ್ಲ. ಆ ಸ್ರಾವವನ್ನು ಸೂಜಿಯ ಮೂಲಕ ಕೊಡಲಾರಂಭಿಸಿದ ಮೇಲೆ ಹಸಿವು ಇಳಿಯಿತು. ಒಂದು ವರ್ಷದಲ್ಲಿ ತೂಕವು 16 ಕಿಲೋಗ್ರಾಂಗಿಂತ ಹೆಚ್ಚು ಕಡಿಮೆಯಾಯಿತು. ಉಪದೇಶದಿಂದಲೂ ಗದರಿಕೆಯಿಂದಲೂ ಆಗದಿದ್ದುದು ಇದರಿಂದಾಯಿತು.

ಇಂಥ ಮಕ್ಕಳು ಅತ್ಯಂತ ವಿರಳ. ಸಾಮಾನ್ಯವಾದ ಬೊಜ್ಜಿಗೆ ಇದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಆದರೆ ಹಸಿವೆಂಬುದು ಎಲ್ಲರಿಗೂ ಸಮನಾಗಿ ಹಂಚಲ್ಪಟ್ಟಿಲ್ಲವೆಂಬುದು ಇದರಿಂದ ಖಚಿತವಾಗುತ್ತದೆ. ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಶರೀರದ ರಚನೆ ನಾಮಕರ್ಮದ ಉದಯದಿಂದ, ಕ್ಷುಧಾಬಾಧೆ ವೇದನೀಯದಿಂದ. ಹೀಗಿರುವಾಗ ಸ್ವಭಾವತಃ ಹಸಿವು ಮಂದವಾಗಿರುವವನು ಅಷ್ಟಮಿ ಚತುರ್ದಶಿಗಳನ್ನು ಆಯಾಸವಿಲ್ಲದೆ ಕಳೆದುದಕ್ಕೂ, ಹೊಟ್ಟೆಯಲ್ಲಿ ಬೆಂಕಿಯಿಟ್ಟಂತಹ ಹಸಿವುಳ್ಳವನು ಮೂವತ್ತೆರಡು ಕವಳಗಳಲ್ಲಿ ನಾಲ್ಕನ್ನು ಬಿಟ್ಟುದಕ್ಕೂ ಹೋಲಿಕೆಯೇ ಇಲ್ಲ. ಮೊದಲನೆಯವನಿಗೆ ಸಭೆಯಲ್ಲಿ ಹಾರ ಬೀಳುತ್ತದೆ. ಎರಡನೆಯವನು ಬಿಟ್ಟ ನಾಲ್ಕು ತುತ್ತುಗಳನ್ನು ಬಡಿಸುವವರೂ ಗಮನಿಸುವುದಿಲ್ಲ.

ಇಷ್ಟನ್ನು ಬರೆಯುವಾಗ ಮತ್ತೊಂದು ಸಂಗತಿಯನ್ನು ಮುಚ್ಚಿಡುವುದು ಸಲ್ಲದು. ಲೆಪ್ಟಿನ್‌ನ ಅರಿವು ಇಲಿಗಳ ಸಂಕಟದ ಮೇಲೆ ನಿಂತಿದೆ. ಅಮೆರಿಕದ ಮೇನ್ ಪ್ರಾಂತದ ಜಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಸ್ ಕೋಲ್‌ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕಗಳನ್ನು ಕೂಡಿಸಿ ಹೊಲಿದು, ಒಂದರ ರಕ್ತ ಇನ್ನೊಂದರಲ್ಲಿ ಹರಿಯುವಂತೆ ಮಾಡಿ, ಹಸಿವನ್ನು ಅಡಗಿಸುವ ದ್ರವ್ಯವೊಂದು ರಕ್ತದಲ್ಲಿದೆಯೆಂದು ತರ್ಕಿಸಿದನು. ಜೊತೆಗೆ ಹೊಲಿಯಲ್ಪಟ್ಟ ಇಲಿಗಳಲ್ಲಿ ಕೆಲವು ಉಣ್ಣುವುದನ್ನೇ ಬಿಟ್ಟು ಸತ್ತವು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಲ್ಲಿ ಮೊದಲೆರಡು ಶ್ರಾವಕನಿಗೆ ಇಲ್ಲಿ ಮುಚ್ಚಿವೆ; ಮೂರನೆಯದು? ಆ ಬಾಲಕಿಯ ಚೇತರಿಕೆಯನ್ನು ಓದಿ ಸಂತೋಷಪಡುವವನು ಇಲಿಯ ಮರಣಕ್ಕೂ ಅನುಮೋದನೆ ಕೊಟ್ಟಂತಾಗುತ್ತದೆಯೆ? ಮಗುವಿನ ಉಪಶಮನವನ್ನು ಅನುಮೋದಿಸಬಹುದು, ಸಾಧನವನ್ನು ಅನುಮೋದಿಸಲಾಗದು ಎಂದು ಬಿಡಿಸಿ ಹೇಳುವುದು ಸುಲಭ. ಮನಸ್ಸು ಅಷ್ಟು ಅಚ್ಚುಕಟ್ಟಾಗಿ ಇಬ್ಭಾಗವಾಗುವುದಿಲ್ಲ. ಬಾಸ್ಟನ್ನಿನ ಮಜ್ಜೆಯ ಪರೀಕ್ಷೆ ಮತ್ತು ಮಿನ್ನೆಸೋಟದ ಹಸಿವಿನ ಪರೀಕ್ಷೆಗಳಲ್ಲಿ ಮನುಷ್ಯರು ತಮ್ಮ ಮೈಯನ್ನೇ ಒಡ್ಡಿಕೊಂಡರೆಂಬುದರಿಂದ ಆ ಜ್ಞಾನವನ್ನು ಕೈಗೆತ್ತಿಕೊಳ್ಳುವಾಗ ಸಂಕೋಚ ಕಡಿಮೆ. ಲೆಪ್ಟಿನ್‌ನ ವಿಷಯದಲ್ಲಿ ಸಂಕೋಚ ಉಳಿದೇ ಇರುತ್ತದೆ, ಉಳಿಯಲೂ ಬೇಕು.

ಹಾಗಾದರೆ ಉಪವಾಸವನ್ನು ವಿಜ್ಞಾನವು ನಿಷೇಧಿಸಿತೆಂದು ಭಯಪಡಬೇಕೆ? ಅದೂ ಇಲ್ಲ. ಷೋಡಶಕಾರಣ ಭಾವನೆಗಳನ್ನು ಪರ್ವದಲ್ಲಿ ಪೂಜಿಸುವವರು ತ್ಯಾಗ ಮತ್ತು ತಪಗಳೆರಡರ ಮುಂದೆಯೂ ಶಕ್ತಿತಃ ಎಂಬ ವಿಶೇಷಣವಿರುವುದನ್ನು ನೆನೆಯಬೇಕು. ಶಕ್ತಿಯನ್ನು ಅಡಗಿಸಬಾರದು, ಮೀರಲೂ ಬಾರದು. ಆ ಶಕ್ತಿ ಮನೋಬಲ ಮಾತ್ರವಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಉತ್ತಮ ಸಂಹನನವುಳ್ಳವನನ್ನು ಮೊದಲು ಹೆಸರಿಸುತ್ತಾರೆ. ಸಂಹನನವೆಂದರೆ ಅಸ್ಥಿಬಂಧದ ದೃಢತೆ; ವಜ್ರವೃಷಭನಾರಾಚದಿಂದ ಮೊದಲಾಗಿ ಅದರಲ್ಲಿ ಆರು ಬಗೆ. ಆತ್ಮನ ಕಾರ್ಯವಾದ ಧ್ಯಾನವನ್ನು ಹೇಳುವಾಗಲೂ ಮೂಳೆಯನ್ನು ಮರೆಯದ ಆಚಾರ್ಯರ ಮುಂದೆ, ಪಂಚಮಕಾಲದ ಹೀನಸಂಹನನದ ಗೃಹಸ್ಥರು ತಮ್ಮ ಮೂಳೆಯ ವಿಚಾರವನ್ನೇ ಎತ್ತದೆ ಉಪವಾಸಗಳ ಎಣಿಕೆಯಲ್ಲಿ ಪೈಪೋಟಿಗೆ ಇಳಿಯುವುದು ಸೋಜಿಗ.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ವೇಗವಾಗಿ ಸವೆಯುತ್ತದೆ. ಅಂಥ ವಯಸ್ಸಿನ ಅಜ್ಜಿಯೊಬ್ಬಳು ವರ್ಷವರ್ಷವೂ ದೀರ್ಘ ಉಪವಾಸವನ್ನು ಹಿಡಿದು, ಪಾರಣೆಯ ಮೇಲೂ ಎರಡು ತುತ್ತಿನಲ್ಲಿಯೇ ಕಾಲ ಕಳೆದು, ಒಂದು ದಿನ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆಯನ್ನು ಮುರಿದುಕೊಂಡರೆ ಅಲ್ಲಿಂದ ಸಾಮಾಯಿಕಕ್ಕೆ ಕೂರುವುದೂ ಅವಳಿಗೆ ಆಗದು. ಸೇಂಟ್ ಲೂಯಿಸ್ ನಗರದಲ್ಲಿ ಬೊಜ್ಜುಳ್ಳ 107 ಮಂದಿ ವೃದ್ಧರನ್ನು ಒಂದು ವರ್ಷ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಹಾರವನ್ನು ಮಾತ್ರ ತಗ್ಗಿಸಿದವರ ಸೊಂಟದ ಮೂಳೆಯ ಸಾಂದ್ರತೆ ಶೇಕಡ 2.6ರಷ್ಟು ಕುಗ್ಗಿತು; ಆಹಾರವನ್ನು ತಗ್ಗಿಸುವುದರ ಜೊತೆಗೆ ನಡಿಗೆ, ಭಾರ ಎತ್ತುವುದು ಮೊದಲಾದ ವ್ಯಾಯಾಮಗಳನ್ನು ಮಾಡಿದವರಲ್ಲಿ ಶೇಕಡ 1.1 ಮಾತ್ರ. ಸ್ಥೂಲಕಾಯರಿಗೂ ತೂಕ ಇಳಿಸುವಾಗ ಮೂಳೆಯ ಎಚ್ಚರ ಬೇಕೆಂದಮೇಲೆ ಸಣಕಲು ಮೈಯವರ ಮಾತೇನು? ಬಾಹ್ಯತಪಗಳು ಆರು, ಅನಶನವೊಂದೇ ಅಲ್ಲ. ಅಜ್ಜಿಗೆ ರಸಪರಿತ್ಯಾಗವಿದೆ, ವೃತ್ತಿಪರಿಸಂಖ್ಯಾನವಿದೆ. ತುಪ್ಪವನ್ನೋ ಸಿಹಿಯನ್ನೋ ಬಿಟ್ಟುದಕ್ಕೆ ಸಭೆಯಲ್ಲಿ ಹೆಸರು ಕೂಗುವುದಿಲ್ಲವೆಂಬುದೊಂದೇ ಕೊರತೆ.

ಹದಿಹರೆಯದ ಹುಡುಗಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಬದುಕಿನುದ್ದಕ್ಕೂ ಬೇಕಾದ ಮೂಳೆಯ ಬಂಡವಾಳದ ಬಹುಭಾಗ ಕೂಡುವುದು ಆ ವಯಸ್ಸಿನಲ್ಲಿಯೇ. ಅವಳು ಏಕಾಶನವನ್ನು ಹಿಡಿದಾಗ ಮನೆಯವರು ಹಿಗ್ಗುತ್ತಾರೆ. ಹಿಗ್ಗಿನಲ್ಲಿ ಅವಳ ಉದ್ದೇಶವನ್ನು ವಿಚಾರಿಸುವುದು ಮರೆತುಹೋಗುತ್ತದೆ. ತೆಳ್ಳಗಾಗಬೇಕೆಂಬ ಲೌಕಿಕ ಫಲದ ಆಸೆ ವ್ರತದೊಳಗೆ ಸೇರಿದರೆ ಅದು ನಿದಾನವೆಂಬ ಶಲ್ಯ. ಶಲ್ಯವಿರುವಲ್ಲಿ ವ್ರತವಿಲ್ಲವೆಂಬುದು ಆಗಮಸಮ್ಮತ. ಆದರೆ ದೋಷವನ್ನು ಅವಳೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಪಾರಣೆಯ ದಿನಗಳಲ್ಲಿ ಸೊರಗಿದ ಮೈಗೆ ಸಲ್ಲುವ ಹೊಗಳಿಕೆಯನ್ನು ಅವಳು ಬಾಲ್ಯದಿಂದ ಕೇಳಿಕೊಂಡು ಬಂದಿದ್ದಾಳೆ. ಮುಟ್ಟು ತಪ್ಪಿದರೆ, ಚಳಿಯೆಂದು ಸದಾ ಹೊದೆದುಕೊಂಡರೆ, ಪಾಕಶಾಸ್ತ್ರದ ಪುಸ್ತಕವನ್ನು ತಿರುವುತ್ತ ತಾನು ಮಾತ್ರ ಉಣ್ಣದಿದ್ದರೆ ತಾಯಿಯಾದವಳು ಮಿನ್ನೆಸೋಟದ ತರುಣರನ್ನು ನೆನೆದು ವೈದ್ಯರ ಬಳಿಗೆ ಕರೆದೊಯ್ಯಬೇಕು. ಗುರುಗಳ ಸನ್ನಿಧಿಯಲ್ಲಿ ನಿಯಮವನ್ನು ಪಡೆಯುವಾಗ ಶರೀರದ ಸ್ಥಿತಿಯನ್ನು ಮರೆಮಾಚದೆ ಅರಿಕೆ ಮಾಡುವುದೂ ವಿನಯದ ಭಾಗವೇ.

ಗಾಂಧಾರ ಶಿಲ್ಪಿಗಳು ಉಪವಾಸದಲ್ಲಿರುವ ಸಿದ್ಧಾರ್ಥನನ್ನು ಕಡೆದಾಗ ಪಕ್ಕೆಲುಬುಗಳನ್ನೂ ನರಗಳನ್ನೂ ಒಂದೊಂದಾಗಿ ಎಣಿಸುವಂತೆ ತೋರಿಸಿದರು. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಆ ಪ್ರತಿಮೆಯಿದೆ. 981ರಲ್ಲಿ ಶ್ರವಣಬೆಳ್ಗೊಳದಲ್ಲಿ ಚಾವುಂಡರಾಯನು ನಿಲ್ಲಿಸಿದ ಬಾಹುಬಲಿಯೂ ತಪಸ್ವಿಯೇ. ಒಂದು ವರ್ಷ ನಿರಾಹಾರನಾಗಿ ಪ್ರತಿಮಾಯೋಗದಲ್ಲಿ ನಿಂತವನು. ಕಾಲ ಕಳೆದುದನ್ನು ಹೇಳಲು ಶಿಲ್ಪಿ ಬಳ್ಳಿಯನ್ನು ಹಬ್ಬಿಸಿದ್ದಾನೆ, ಹುತ್ತವನ್ನು ಬೆಳೆಸಿದ್ದಾನೆ. ಆದರೆ ಸುಮಾರು 58 ಅಡಿ ಎತ್ತರದ ಆ ಮೈಯಲ್ಲಿ ಒಂದು ಪಕ್ಕೆಲುಬೂ ಎದ್ದು ಕಾಣುವುದಿಲ್ಲ; ಭುಜಗಳು ತುಂಬಿವೆ, ಕೆನ್ನೆಗಳು ತುಂಬಿವೆ. ಆ ಒಂದು ವರ್ಷದ ಅನಶನವೂ ಕೇವಲಜ್ಞಾನಕ್ಕೆ ಸಾಲದಾಗಿ, ಅಣ್ಣನನ್ನು ಕುರಿತು ಮನಸ್ಸಿನಲ್ಲಿ ಉಳಿದಿದ್ದ ಅಣುಮಾತ್ರದ ಅಳುಕು ಭರತನು ಬಂದು ಪೂಜಿಸಿದ ಬಳಿಕವೇ ಕಳೆಯಿತೆಂದು ಪುರಾಣವು ಹೇಳುತ್ತದೆ. ಆ ಅಳುಕು ಇದ್ದಾಗಲೂ ಕಳೆದಾಗಲೂ ನೋಡುವವರ ಕಣ್ಣಿಗೆ ಮೈಯಲ್ಲಿ ಯಾವ ಬದಲಾವಣೆಯೂ ಕಂಡಿರಲಾರದು.